ಹದಿನೆಂಟರಲ್ಲಿ ನಿಂತ ಬಿಯರು

ಏಪ್ರಿಲ್ 2

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಕುಳಿತಿರುವ ಹಾಗೂ ಕುಳಿತಲ್ಲೇ ತೂಕಡಿಸುತ್ತಿರುವ ಗಣ್ಯರೇ, ಮುಂದಿನ ಸಾಲಿನ ನೊರೆಪ್ರಿಯರೇ, ಹಿಂದಿನ ಸಾಲಿನ ಬಾಯಾರಿದ ಬಂಧುಗಳೇ,

ಇಂದು ತಮ್ಮೆಲ್ಲರ ಸಮ್ಮುಖದಲ್ಲಿ ಒಂದು ಬಾಟಲಿಯ ವಿಚಾರಣೆ ನಡೆಯಲಿದೆ. ಆರೋಪಿಯ ಕುಲ: ಬೆಲ್ಜಿಯಂ ಶೈಲಿಯ ಹೊಲಮನೆ ಬಿಯರು, ಮಸಾಲೆ ಹಾಕಿದ್ದು. ಹೆತ್ತವರು: ನನ್ನ ಅಕ್ಕನ ಗಂಡ. ನ್ಯಾಯಾಧೀಶ: ಹನ್ನೊಂದು ವರ್ಷದಿಂದ ಊರವರ ಬಿಯರು ಕುಡಿದು, ಊರವರ ಮಾನ ಕಳೆದು, ಅದನ್ನೇ ಮಾಸಪತ್ರಿಕೆಗೆ ಅಂಕಣ ಮಾಡಿ ಬದುಕುತ್ತಿರುವ ನಾನು. ಸಾಕ್ಷಿಗಳು ಯಾರೂ ಇಲ್ಲ; ಇದ್ದವರು ವಾಸನೆ ನೋಡಿ ಎದ್ದುಹೋದರು.

ಭಾವ, ನಿಮ್ಮ ಪಾರ್ಸಲ್ಲು ಬಂತು. ಸಭೆ ಗಿಭೆ ಏನಿಲ್ಲ. ಬೀಗ ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆ, ಒಂದು ಮೇಜು, ಕಾಲು ಕುಂಟುವ ಒಂದು ಕುರ್ಚಿ, ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದ ಆರು ಗ್ಲಾಸು. ಕೆಳಗೆ ಬೀಗದವನು ಅರ ಉಜ್ಜುವ ಸದ್ದನ್ನೇ ಚಪ್ಪಾಳೆ ಎಂದು ತಿಳಿದು ಕಲಾಪ ಶುರುಮಾಡಿದೆ.

ಮೊದಲು ಚೀಟಿಯ ವಿಚಾರ. ಹನ್ನೊಂದು ವರ್ಷದ ಮೇಲೆ ಭಾವ ಬರೆದ ಮೊದಲ ಚೀಟಿ ಎಂದರೆ ಓದುವವನ ಕೈ ನಡುಗಬೇಕು. ಇಲ್ಲಿ ಅಕ್ಷರಗಳೇ ನಡುಗುತ್ತಿದ್ದವು. "ಡ್ರಮ್ಮಿಂದ ಹಾಗೇ ಹಿಡಿದದ್ದು. ಕುಡಿದು ನೋಡು. ಬಾಟಲಿಗೆ ತುಂಬಬಹುದಾ ಹೇಳು. ನೀನು ಬೇಡ ಅಂದ್ರೆ ಮೋರಿಗೆ ಚೆಲ್ತೀನಿ." ಕೋಳಿಯೊಂದು ಶಾಯಿ ತುಳಿದು ಓಡಾಡಿದ್ದರೂ ಇದಕ್ಕಿಂತ ದುಂಡಗೆ ಬರುತ್ತಿತ್ತು.

ಈಗ ಆರೋಪಿ. ಬಣ್ಣ ಮಾಸಿದ ಹಿತ್ತಾಳೆಯದು. ನೊರೆ ಇಲ್ಲ. ಡ್ರಮ್ಮಿನಿಂದ ಹಿಡಿದ ಬಿಯರಿಗೆ ನೊರೆ ಇರುವುದಿಲ್ಲವೆಂದು ನನಗೂ ಗೊತ್ತು, ಆದರೆ ಬೈಯಲು ಸಿಕ್ಕ ಅವಕಾಶವನ್ನು ಬಿಡುವವನು ನಾನಲ್ಲ. ಮೂಗಿಗೆ ಹಿಡಿದರೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ, ಕಾಳುಮೆಣಸು ಮೂವರೂ ಬಸ್ಸು ಹತ್ತುವವರ ಹಾಗೆ ಒಂದೇ ಬಾಗಿಲಲ್ಲಿ ನುಗ್ಗುತ್ತಾರೆ. ಯಾರಿಗೂ ಸೀಟು ಸಿಗುವುದಿಲ್ಲ.

ಇನ್ನು ರುಚಿ. ಸಿಹಿ, ಭಾವ. ಈ ಜಾತಿಯ ಬಿಯರು ಹುಟ್ಟಿದ್ದೇ ಬಿಸಿಲಲ್ಲಿ ಹೊಲ ಕೊಯ್ದು ಬಂದವರ ಬಾಯಾರಿಕೆಗೆ. ಒಣಹುಲ್ಲಿನಂತೆ ಹಗುರಾಗಿ ಬಂದು, ನಾಲಗೆಯನ್ನು ಒರೆಸಿ, ಹೇಳದೆ ಹೊರಟುಹೋಗಬೇಕು. ನಿಮ್ಮದು ಬಾಯೊಳಗೆ ಬಂದು, ಚಪ್ಪಲಿ ಬಿಟ್ಟು, ಕಾಲು ಚಾಚಿ ಕೂರುತ್ತದೆ. ಕೆಮ್ಮಿನ ಸಿರಪ್ಪಿನ ದೂರದ ಸಂಬಂಧಿ, ಮದುವೆಗೆ ಕರೆಯದಿದ್ದರೂ ಬರುವಂಥವನು.

ಮೆಣಸಿನ ಕಾಟ, ಕಿತ್ತಳೆಯ ಆಟ,
ನಡುವೆ ನನ್ನ ನಾಲಗೆಗೆ ಪರದಾಟ.

ತೀರ್ಪು: ಒಂದು ಗುಟುಕು ಕುಡಿದು ಮಿಕ್ಕದ್ದನ್ನು ಸಿಂಕಿಗೆ ಸುರಿದೆ. ಸಿಂಕು ಇನ್ನೂ ದೂರು ಕೊಟ್ಟಿಲ್ಲ.

ಇತಿ, ಕೆಟ್ಟ ನಾಲಗೆಯ ಮೈದುನ,
ಪ್ರಾಸಪ್ಪ (ಈ ಹೆಸರಿಟ್ಟವರೂ ನೀವೇ)


ಏಪ್ರಿಲ್ 14

ಪ್ರಾಸಪ್ಪನಿಗೆ,

ಕಾಗದ ಬಂತು. ನಿಮ್ಮಕ್ಕನಿಗೆ ಓದಿ ಹೇಳಿದೆ. ಅವಳು ನಗಲಿಲ್ಲ. ನಾನು ನಕ್ಕೆ. ಚಪ್ಪಲಿ ಬಿಟ್ಟು ಕೂತ ಬಿಯರು ಅಂದದ್ದು ಚೆನ್ನಾಗಿತ್ತು. ನಿನ್ನ ಬಾಯಿ ಬದಲಾಗಿಲ್ಲ.

ಒಂದೇ ಒಂದು ಕೇಳ್ತೀನಿ. ಸಿಹಿ ಅಂದೆಯಲ್ಲ, ಅದು ನಿಜವಾದ ಸಿಹಿಯಾ, ಬೈಗುಳದ ಸಿಹಿಯಾ? ಯಾಕೆ ಅಂದ್ರೆ ಸಿಹಿ ಅಳೆಯೋ ತೇಲುಗಡ್ಡಿ ಹದಿನೆಂಟರ ಗೆರೆಗೆ ಬಂದು ನಿಂತು ಮೂರು ವಾರ ಆಯ್ತು. ಯೀಸ್ಟು ಸಕ್ಕರೆ ತಿಂದಷ್ಟೂ ಕಡ್ಡಿ ಕೆಳಗೆ ಮುಳುಗಬೇಕು ಅಂತ ನೀನೇ ಹೇಳಿಕೊಟ್ಟದ್ದು. ಇದು ಮುಳುಗ್ತಿಲ್ಲ. ಬೇರೆ ಬಿಯರು ಹನ್ನೆರಡಕ್ಕೆ ಬಂದು ನಿಲ್ತವೆ, ಇದು ಹದಿನೆಂಟಕ್ಕೇ ನಿಂತಿದೆ.

ಆದ್ರೆ ಹನ್ನೊಂದು ವರ್ಷದ ಹಿಂದೆ ನಾವಿಬ್ಬರೂ ಇದೇ ಬಿಯರು ಮಾಡಿದಾಗಲೂ ಅಲ್ಲೇ ನಿಂತಿತ್ತು. ನಿನ್ನ ಅಳತೆ ಪುಸ್ತಕ ತೆಗೆದು ನೋಡಿದೆ. ಏಳು ದಿನ ಸಾಲಾಗಿ ಹದಿನೆಂಟು ಅಂತ ಬರೆದು, ಕೆಳಗೆ "ಮುಗಿಯಿತು" ಅಂತ ಗೆರೆ ಎಳೆದಿದ್ದೀಯ. ಹಾಗಾದ್ರೆ ಈ ಯೀಸ್ಟಿನ ಹೊಟ್ಟೆಯೇ ಅಷ್ಟು ಅಂತ ಅಂದ್ಕೊಂಡಿದ್ದೀನಿ.

ಆವತ್ತು ಬಾಟಲಿ ಸಿಡಿದದ್ದು ನಾನು ಸರಿಯಾಗಿ ತೊಳೆಯದೆ ಕೊಳೆ ಸೇರಿ. ಈ ಸಲ ಹಾಗಾಗಲ್ಲ.

ಇದು ನನ್ನ ಕೊನೇ ಬಿಯರು. ನೆಟ್ಟಗೆ ಬಂದ್ರೆ ಬಿಯರು ಮಾಡೋ ಶೆಡ್ಡಿನ ಬೀಗದ ಕೈ ಮಗಳಿಗೆ. ಕೆಟ್ಟರೆ ಶೆಡ್ಡಿಗೇ ಬೀಗ.

ಬೇಗ ಬರಿ. ಈ ಕಾಗದಕ್ಕೆ ನನಗೆ ಎರಡು ದಿನ ಹಿಡೀತು.

ಭಾವ


ಏಪ್ರಿಲ್ 22

ಭಾವ,

ಎರಡು ದಿನ ಹಿಡಿಯಿತೆಂದು ಬರೆದಿದ್ದೀರಿ. ಓದಲು ನನಗೆ ಮೂರು ದಿನ ಹಿಡಿಯಿತು. ಹಾಗಾಗಿ ಒಂದು ದಿನ ನೀವೇ ನನಗೆ ಕೊಡಬೇಕು.

ಸಿಹಿ ಎಂದರೆ ಸಿಹಿ. ಬೈಗುಳದ ಸಿಹಿಯೋ ನಿಜದ ಸಿಹಿಯೋ ಎಂದು ಕೇಳಿದರೆ, ಹನ್ನೊಂದು ವರ್ಷದಿಂದ ನಾನು ಈ ಎರಡನ್ನು ಒಂದೇ ಬಾಟಲಿಯಲ್ಲಿ ಇಟ್ಟಿದ್ದೇನೆ, ಈಗ ಬೇರ್ಪಡಿಸಲು ಬರುವುದಿಲ್ಲ. ಕಳೆದ ವಾರ ಒಂದು ಸ್ಪರ್ಧೆಯಲ್ಲಿ ಐವತ್ತೆರಡು ಗ್ಲಾಸು ಮೂಸಿದೆ. ನನ್ನ ಎಡಕ್ಕೆ ಕೂತವನು ಪ್ರತಿ ಗ್ಲಾಸಿಗೂ "ಹಳೇ ಕಪಾಟು, ಒದ್ದೆ ಕಲ್ಲು" ಎಂದು ಬರೆಯುತ್ತಿದ್ದ. ಬಿಯರು ನೋಡುತ್ತಿದ್ದನೋ ಮನೆ ಬಾಡಿಗೆಗೆ ನೋಡುತ್ತಿದ್ದನೋ ತಿಳಿಯಲಿಲ್ಲ. ಬಲಕ್ಕಿದ್ದವಳು ಉಗುಳುವ ಬಟ್ಟಲಿಗೆ ಉಗುಳದೆ ಎಲ್ಲವನ್ನೂ ನುಂಗಿ, ನಲವತ್ತನೆಯ ಗ್ಲಾಸಿನ ಹೊತ್ತಿಗೆ ಎಲ್ಲರಿಗೂ ಮೊದಲ ಬಹುಮಾನ ಕೊಡತೊಡಗಿದಳು. ಇಂಥವರ ನಡುವೆ ನನ್ನನ್ನು ದೊಡ್ಡ ನಾಲಗೆ ಎನ್ನುತ್ತಾರೆ. ನಾಲಗೆ ದೊಡ್ಡದು ನಿಜ, ಅದು ಎಲ್ಲಿಯವರೆಗೆ ಚಾಚಿದೆ ಎಂದು ಅವರಿಗೆ ಗೊತ್ತಿಲ್ಲ.

ನಿಮ್ಮ ಯೀಸ್ಟಿನ ಬಗ್ಗೆ. ಅದು ಮಹಾ ಸೋಮಾರಿ ಕುಲ. ಅರ್ಧ ಊಟ ಮಾಡಿ ಎಲೆಯ ಮುಂದೆಯೇ ಮಲಗುವ ಜಾತಿ ಎಂದು ಬಲ್ಲವರು ಹೇಳುವುದನ್ನು ಕೇಳಿದ್ದೇನೆ. ನಿಮ್ಮ ಮನೆಗೆ ತಕ್ಕ ಯೀಸ್ಟೇ. ಅದನ್ನು ಇನ್ನೊಂದು ವರ್ಷ ಹಾಗೇ ಡ್ರಮ್ಮಿನಲ್ಲಿ ಬಿಟ್ಟರೆ ಕುಡಿಯುವ ಜನಕ್ಕೆ ಉಪಕಾರವಾಗುತ್ತದೆ. ಬಾಟಲಿಗೆ ತುಂಬುವ ಚಪಲವೇಕೆ?

ಹಳೇ ಪುಸ್ತಕ, ಹುಳುಕು ಪುಸ್ತಕ,
ಅದನ್ನು ನಂಬುವವನಿಗಿಲ್ಲ ಮಸ್ತಕ.

ಆ ಪುಸ್ತಕವನ್ನು ಒಲೆ ಹಚ್ಚಲು ಬಳಸಿ. ನಿಮ್ಮ ಅಕ್ಷರದ ಜೊತೆಗಿಟ್ಟರೆ ಎರಡೂ ಚೆನ್ನಾಗಿ ಉರಿಯುತ್ತವೆ.

ಇತಿ, ಪ್ರಾಸಪ್ಪ


ಮೇ 5

ತಮ್ಮನಿಗೆ ಅಕ್ಕ ಮಾಡೋ ಆಶೀರ್ವಾದ ಅಂತ ಶುರು ಮಾಡಬೇಕು. ಮಾಡ್ತಾ ಇಲ್ಲ.

ನಿನ್ನ ಎರಡೂ ಕಾಗದ ಓದಿದೆ. ಎಷ್ಟು ಚಂದ ಬರೀತೀಯೋ! ಕೋಳಿ ಶಾಯಿ ತುಳಿದ ಹಾಗೆ ಅಂತೆ. ಆ ಕೋಳಿಯ ಬಲಗೈಯ ಎರಡು ಬೆರಳು ಹನ್ನೊಂದು ವರ್ಷದಿಂದ ಮಡಚೋಕೆ ಬರಲ್ಲ, ಪೆನ್ಸಿಲ್ ಥರ ನೆಟ್ಟಗೆ ನಿಂತಿವೆ ಅಂತ ನಿನಗೆ ಗೊತ್ತಿಲ್ವಾ? ಪೆನ್ನನ್ನ ಹೆಬ್ಬೆರಳಿಗೂ ಕಿರುಬೆರಳಿಗೂ ನಡುವೆ ಸಿಗಿಸಿಕೊಂಡು, ನಾಲಗೆ ಹೊರಗೆ ಹಾಕಿಕೊಂಡು, ಒಂದನೇ ಕ್ಲಾಸಿನ ಹುಡುಗನ ಹಾಗೆ ಬರೆದರು ಕಣೋ. ಕೂತು ನೋಡಿದವಳು ನಾನು. ನಾನೇ ಬರೆದುಕೊಡ್ತೀನಿ ಅಂದ್ರೆ, "ಬೇಡ, ಅವನಿಗೆ ನಾನೇ ಬರೀಬೇಕು" ಅಂದ್ರು.

ಆವತ್ತಿನದು ನೀನು ಮರೆತಿದ್ರೆ ನೆನಪು ಮಾಡ್ತೀನಿ. ಮೂರು ಕ್ರೇಟು ಪಕ್ಕಕ್ಕೆ ಇಡೋಣ ಅಂತ ಇವರು ಬಗ್ಗಿದ್ದು, ಒಂದು ಬಾಟಲಿ ಢಂ ಅಂದದ್ದು, ಅದರ ಹಿಂದೆ ಸಾಲಾಗಿ ಇನ್ನಷ್ಟು. ಶೆಡ್ಡಿನ ನೆಲ ಎಲ್ಲ ನೊರೆ, ನೊರೆಯೆಲ್ಲ ಕೆಂಪು. ನಾನು ಸೀರೆ ಸೆರಗು ಹರಿದು ಕಟ್ಟಿದೆ. ಆಸ್ಪತ್ರೆ ಬಾಗಿಲಲ್ಲಿ ನೀನು ನಿಂತಿದ್ದೆ. ಯಾರೂ ಕೇಳಿರಲಿಲ್ಲ, ಆದ್ರೂ ನೀನೇ ಹೇಳಿದೆ: "ಬಾಟಲಿ ಸರಿಯಾಗಿ ತೊಳೆದಿರಲಿಲ್ಲ ಅನ್ಸತ್ತೆ." ಅಷ್ಟೇ. ಆಮೇಲೆ ನೀನು ಈ ಮನೆ ಹೊಸ್ತಿಲು ತುಳೀಲಿಲ್ಲ.

ಅವರು ಅದನ್ನ ಹಾಗೇ ನುಂಗಿಕೊಂಡ್ರು. ಈಗ ಒಂದು ಬಾಟಲಿಗೆ ಮೂರು ಸಲ ಬ್ರಷ್ಷು. ಮೊದಲು ಸೋಪಿನ ನೀರು, ಆಮೇಲೆ ಬಿಸಿ ನೀರು, ಆಮೇಲೆ ಬರೀ ನೀರು. ಕಿಟಕಿಗೆ ಹಿಡಿದು ನೋಡಿ, ಮತ್ತೆ ತೊಟ್ಟಿಗೆ. ನಾನು ಊಟಕ್ಕೆ ಕರೆದ್ರೂ ತಟ್ಟೆ ತೊಳೆದು ಕೂತ್ಕೋತಾರೆ, ತೊಳೆದಿಟ್ಟ ತಟ್ಟೇನ. ಕುಕ್ಕರಿನ ವಿಷಲ್ಲು ಹೊಡೆದ್ರೆ ಈಗಲೂ ಬೆಚ್ಚಿ ಕೈ ಬಗಲಿಗೆ ಸಿಗಿಸ್ಕೋತಾರೆ.

ನೀನು ಬರದೆ ಇರೋದು ಸಿಟ್ಟಿಗೆ ಅಂತ ಅವರ ಲೆಕ್ಕ. "ಅವನ ಮೊದಲ ಬಿಯರು ನಾನು ಕೆಡಿಸಿದೆ, ಅವನಿಗೆ ಬೇಜಾರಾಗಿರತ್ತೆ" ಅಂತಾರೆ. ನೀನು ಬೈದು ಬರೆದ್ರೆ ಬೈಸ್ಕೊಳ್ಳೋದು ನ್ಯಾಯ ಅನ್ನೋ ಹಾಗೆ ಕೂತಿದ್ದಾರೆ. ಬೈಗುಳ ಓದಿ ನಗೋದು ಅದಕ್ಕೇ. ನನಗೆ ಅದು ನೋಡೋಕೆ ಆಗ್ತಿಲ್ಲ.

ನೀನು ದೊಡ್ಡ ರುಚಿಗಾರ. ಒಂದು ಒಳ್ಳೇ ಮಾತು ಬರೆದ್ರೆ ನಿನ್ನ ನಾಲಗೆ ಸವೆಯತ್ತಾ?

ಅಕ್ಕ


ಮೇ 13

ಪ್ರೀತಿಯ ಮಾಮ,

ನಾನು ಪಿಟೀಲು. ಚಿಕ್ಕವಳಿದ್ದಾಗ ಸದಾ ಕುಂಯ್ ಅಂತಿದ್ದೆ ಅಂತ ನೀವಿಟ್ಟ ಹೆಸರು ಇನ್ನೂ ಹೋಗಿಲ್ಲ. ನನಗೀಗ ಇಪ್ಪತ್ತನಾಲ್ಕು. ಕೆಲಸಕ್ಕೆ ಬರೋ ಹೆಂಗಸರೂ "ಪಿಟೀಲಕ್ಕ" ಅಂತಾರೆ.

ಒಳ್ಳೇ ಸುದ್ದಿ. ಮೇ 28ಕ್ಕೆ ಬಾಟಲಿಗೆ ತುಂಬ್ತೀವಿ. ಆರುನೂರು ಬಾಟಲಿ. ಅಪ್ಪ ತೊಳೆದದ್ದು ಸಾಲದು ಅಂತ ನಾನು ಎಲ್ಲವನ್ನೂ ಕುದಿಯೋ ನೀರಲ್ಲಿ ಕಾಲು ಗಂಟೆ ಇಟ್ಟು ತೆಗೀತಿದ್ದೀನಿ. ಬಿರಡೆ ಕೂಡ. ಈ ಸಲ ಒಂದು ಕ್ರಿಮಿ ಒಳಗೆ ಹೋಗಬೇಕು ಅಂದ್ರೂ ಅರ್ಜಿ ಹಾಕಬೇಕು. ನಾನು ತುಂಬ್ತೀನಿ, ಅಪ್ಪ ಬಿರಡೆ ಒತ್ತುತ್ತಾರೆ. ಆ ಕೆಲಸ ಎಡಗೈಯಲ್ಲೂ ಆಗತ್ತೆ.

ಈ ಯೀಸ್ಟು ನಡುವೆ ಮಲಗತ್ತೆ ಅಂತ ನೀವು ಬರೆದಿದ್ರಿ. ನನಗೂ ಅನುಮಾನ ಬಂತು. ಮಲಗಿದ್ದು ಬಾಟಲಿಯೊಳಗೆ ಎದ್ರೆ ಏನು ಗತಿ? ಅಪ್ಪನ್ನ ಕೇಳಿದೆ. ಅವರು ನಿಮ್ಮ ಪುಸ್ತಕ ತೆಗೆದು ತೋರಿಸಿದ್ರು. "ನೋಡು, ಏಳು ದಿನ ಕಾದಿದ್ದಾನೆ. ಏಳು ದಿನವೂ ಮುಚ್ಚಳ ತೆಗೆದು, ಕಡ್ಡಿ ಬಿಟ್ಟು, ನೋಡಿ ಬರೆದಿದ್ದಾನೆ. ಮಲಗಿದ್ದಾ, ಮುಗಿಸಿದ್ದಾ ಅಂತ ಅವನಿಗೆ ಗೊತ್ತಾಗದೆ ಇರತ್ತಾ? ನಿಮ್ಮ ಮಾಮ ಬೇರೆ ಎಲ್ಲದರಲ್ಲೂ ಬುರುಡೆ ಬಿಡ್ತಾನೆ, ಅಳತೆಯಲ್ಲಿ ಬಿಡಲ್ಲ" ಅಂದ್ರು.

ನಾನೂ ನೋಡಿದೆ. ಎಷ್ಟು ಅಂದವಾದ ಅಕ್ಷರ ಮಾಮ! ಏಳು ದಿನವೂ ಒಂದೇ ಶಾಯಿ, ಒಂದೇ ಓರೆ, ಒಂದು ಚಿತ್ತಿಲ್ಲ. ಉಳಿದ ಪುಟಗಳಲ್ಲಿ ಬಿಯರಿನ ಕಲೆ, ಒದ್ದೆ ಬೆರಳಿನ ಗುರುತು. ಆ ಪುಟ ಮಾತ್ರ ಫಳಫಳ. ಆ ಪುಟಾನ ಶೆಡ್ಡಿನ ಗೋಡೆಗೆ ಅಂಟಿಸಿದ್ದೀನಿ.

ನೀವೇ ಬರೆದ ಪುಸ್ತಕ ಒಂದು ಕಡೆ, ನೀವೇ ಬರೆದ ಬೈಗುಳ ಒಂದು ಕಡೆ. ನಾವು ಪುಸ್ತಕ ನಂಬಿದೆವು.

28ಕ್ಕೆ ಬನ್ನಿ. ಅಪ್ಪ ಬಾಯಿಬಿಟ್ಟು ಕರೆಯಲ್ಲ, ನಾನು ಕರೀತಿದ್ದೀನಿ.

ನಿಮ್ಮ ಪಿಟೀಲು


ಮೇ 18

ಚಿರಂಜೀವಿ ಪಿಟೀಲಿಗೆ,

ತಂತಿ ಬಿಗಿ ಮಾಡಿಕೊಂಡು ಕೇಳು. ತುಂಬಬೇಡ.

ಕಾರಣ ಒಂದು: ಆ ಬಿಯರು ಕುಡಿಯಲು ಯೋಗ್ಯವಲ್ಲ. ಕಾರಣ ಎರಡು: ಕುಡಿಯುವವರು ಆ ಬಿಯರಿಗೆ ಯೋಗ್ಯರಲ್ಲ. ಗ್ಲಾಸು ಹಿಡಿದು ನಿಂತವರಿಗೆ ಕೊತ್ತಂಬರಿ ಬೀಜಕ್ಕೂ ಕೋಟಿನ ಗುಂಡಿಗೂ ವ್ಯತ್ಯಾಸ ತಿಳಿಯದು. ಕಾರಣ ಮೂರು: ಆರುನೂರು ಬಾಟಲಿ ತುಂಬಿದರೆ ಆರುನೂರು ಲೇಬಲ್ಲು ಅಂಟಿಸಬೇಕು, ನಿಮ್ಮಪ್ಪ ಅದರ ಮೇಲೆ ತನ್ನ ಕೈಯಲ್ಲೇ ಹೆಸರು ಬರೆಯುತ್ತೇನೆ ಎನ್ನುತ್ತಾರೆ, ಜನ ಅದನ್ನು ವಿಷದ ಗುರುತು ಎಂದುಕೊಳ್ಳುತ್ತಾರೆ.

ಪುಟವನ್ನು ಗೋಡೆಗೆ ಅಂಟಿಸಿದ್ದೀಯಂತೆ. ಕಿತ್ತುಹಾಕು. ಅಂದವಾದ ಅಕ್ಷರವನ್ನು ಎಂದೂ ನಂಬಬಾರದು. ಕೆಲಸ ಮಾಡಿದವನ ಪುಟದಲ್ಲಿ ಕಲೆ ಇರುತ್ತದೆ.

ಡ್ರಮ್ಮಿಗೆ ಕಂಬಳಿ ಹೊದಿಸು. ಶೆಡ್ಡನ್ನು ಬೆಚ್ಚಗೆ ಇಡು. ಜೂನ್ ಕಳೆಯಲಿ, ಜುಲೈ ಕಳೆಯಲಿ. ಏಕೆ ಎಂದು ಕೇಳಬೇಡ. ಮಾಮ ಹುಚ್ಚ ಎಂದುಕೊ. ಹುಚ್ಚನ ಮಾತನ್ನಾದರೂ ಒಮ್ಮೊಮ್ಮೆ ಕೇಳಬಹುದು.

ಬೆಚ್ಚಗಿರಲಿ, ಮುಚ್ಚಿರಲಿ,
ಬಿಚ್ಚುವ ಮಾತು ಆಮೇಲಿರಲಿ.

ಇತಿ, ಮಾಮ


ಮೇ 23

ಮಾಮ,

ನಿಮ್ಮ ಕಾಗದ ಊಟದ ಹೊತ್ತಿಗೆ ಬಂತು, ಮೂವರೂ ಓದಿದೆವು. ಕೋಟಿನ ಗುಂಡಿ ಓದಿ ಅಪ್ಪನಿಗೆ ನೀರು ನೆತ್ತಿಗೆ ಹತ್ತಿತು. ಅಮ್ಮ ಮಾತ್ರ "ಅವನದು ಇದ್ದದ್ದೇ. ನಾಳೆ ಸೂರ್ಯ ಹುಟ್ಟಿದ್ರೂ ಹಳಸಿದ್ದು ಅಂತ ಬರೀತಾನೆ" ಅಂತ ಎದ್ದು ಹೋದಳು.

ಕಂಬಳಿ ಹೊದಿಸಿ ಅಂದದ್ದು ಯಾಕೆ ಅಂತ ಅಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿದ್ರು. ಆಮೇಲೆ "ತಮಾಷೆ ಮಾಡಿರಬೇಕು" ಅಂದ್ರು. ಅಲ್ವಾ?

ಎರಡು ಸಲ ಫೋನ್ ಮಾಡಿದ್ರಲ್ಲ, ಎರಡು ಸಲವೂ ಒಂದು ಪ್ರಾಸ ಹೇಳಿ ಇಟ್ಟುಬಿಟ್ರಿ. ಏನೋ ಹೇಳೋಕೆ ಬಂದ ಹಾಗಿತ್ತು.

ಬಿರಡೆ ಎಲ್ಲ ಸಿದ್ಧ. 28, ಬೆಳಿಗ್ಗೆ ಎಂಟಕ್ಕೆ. ಪುಟ ಗೋಡೆ ಮೇಲೇ ಇದೆ. ಅಪ್ಪ ಕೀಳೋಕೆ ಬಿಡಲಿಲ್ಲ.

ಪಿಟೀಲು


ಮೇ 26

ಮಾನ್ಯ ಅಧ್ಯಕ್ಷರೇ, ಗಣ್ಯರೇ, ನೊರೆಪ್ರಿಯರೇ,

ಮರುವಿಚಾರಣೆಗೆ ಸ್ವಾಗತ. ಏಪ್ರಿಲ್ ಎರಡರಂದು ಈ ಪೀಠ ಕೊಟ್ಟ ತೀರ್ಪಿನಲ್ಲಿ ಒಂದು ಸಣ್ಣ ಲೋಪ ಕಂಡುಬಂದಿದೆ. ಆರೋಪಿಯನ್ನು ಸಿಂಕಿಗೆ ಸುರಿದೆನೆಂದು ನ್ಯಾಯಾಧೀಶರು ಬರೆದಿದ್ದರು. ಸುರಿದಿರಲಿಲ್ಲ. ಒಂದು ಗುಟುಕು ಕುಡಿದು, ಬಿರಡೆಯನ್ನು ಒತ್ತಿ, ಕಿಟಕಿಯ ಕಟ್ಟೆಯ ಮೇಲೆ ಗ್ಲಾಸುಗಳ ಹಿಂದೆ ಬಚ್ಚಿಟ್ಟಿದ್ದರು. ಮಧ್ಯಾಹ್ನದ ಬಿಸಿಲು ನೇರ ಬೀಳುವ ಜಾಗ. ಏಕೆ ಇಟ್ಟರೆಂದು ಸಭೆ ಕೇಳಬಾರದು. ಏನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು, ಗೊತ್ತಿಲ್ಲದಂತೆ ಐವತ್ತು ದಿನ ಅದರ ಪಕ್ಕದಲ್ಲೇ ಹಲ್ಲುಜ್ಜಿದರು.

ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ ಬಿರಡೆ ಹಾರಿತು. ಚಾವಣಿಗೆ ಬಡಿದು, ಬಲ್ಬಿಗೆ ತಾಗಿ, ಕುಂಟು ಕುರ್ಚಿಯ ಮೇಲೆ ಬಂದು ಕೂತಿತು. ಹಿಂದೆಯೇ ನೊರೆ. ಗೋಡೆ, ಹಾಸಿಗೆ, ನನ್ನ ಅಂಕಣದ ಅರ್ಧ ಪುಟ, ಎಲ್ಲ ಒದ್ದೆ. ಕೆಳಗಿನಿಂದ ಬೀಗದವನು ಅರ ಹಿಡಿದುಕೊಂಡೇ ಓಡಿಬಂದ.

"ಏನ್ ಸಾರ್, ಬಾಗಿಲು ಒಡೆದ್ರಾ? ಕೀ ಕಳೆದಿದ್ರೆ ನನಗೊಂದು ಮಾತು ಹೇಳಬಾರದಾ?"

"ಏನಿಲ್ಲಪ್ಪ. ಮಲಗಿದ್ದವರು ಒಬ್ಬರು ಎದ್ದರು."

ಅವನು ಚಾವಣಿ ನೋಡಿದ, ನನ್ನನ್ನು ನೋಡಿದ. "ಕೈ ಯಾಕೆ ಸಾರ್ ಬಗಲಲ್ಲಿ ಇಟ್ಕೊಂಡಿದ್ದೀರಾ? ಏಟಾಯ್ತಾ?"

ನೋಡಿಕೊಂಡೆ. ಎರಡೂ ಕೈ ಬಗಲಲ್ಲಿದ್ದವು.

ಭಾವ, ಬಾಟಲಿಯ ತಳದಲ್ಲಿ ಒಂದು ಲೋಟದಷ್ಟು ಉಳಿದಿತ್ತು. ಕುಡಿದೆ. ಅದರ ಟಿಪ್ಪಣಿ ಬರೆಯಬೇಕು, ಅದು ನನ್ನ ಕಸುಬು. ಸಿಹಿ ಒಂದು ಚೂರೂ ಇಲ್ಲ. ಮೊದಲು ಕಿತ್ತಳೆ ಸಿಪ್ಪೆ, ಕೈಯಲ್ಲಿ ಹಿಂಡಿದಾಗ ಕಣ್ಣಿಗೆ ಚಿಮ್ಮುವ ಹಾಗೆ. ಅದರ ಬೆನ್ನಿಗೆ ಕೊತ್ತಂಬರಿ ಬೀಜ, ಹುರಿದದ್ದಲ್ಲ, ಕುಟ್ಟಿದ್ದು; ನೀವು ಕಲ್ಲಲ್ಲಿ ಒಂದೊಂದೇ ಕಾಳನ್ನು ಎರಡು ಹೋಳು ಮಾಡುತ್ತಿದ್ದಿರಲ್ಲ, ಹಾಗೆ. ಕೊನೆಗೆ ಮೆಣಸು ಗಂಟಲ ಹತ್ತಿರ ಬಂದು ನಿಂತು, ಏನೋ ಹೇಳಲು ಬಾಯಿ ತೆರೆದು, ಹೇಳದೆ ಹೋಯಿತು. ನಾಲಗೆ ಒಣಗಿ ಹಗುರಾಯಿತು. ಒಂದು ದೋಷ ಹುಡುಕಲು ಅರ್ಧ ಗಂಟೆ ಖಾಲಿ ಲೋಟ ಮೂಸಿದೆ. ಸಿಗಲಿಲ್ಲ. ಈ ಹನ್ನೊಂದು ವರ್ಷದಲ್ಲಿ ನಾನು ಉಗುಳದೆ, ಅಂಕ ಹಾಕದೆ, ಪೂರ್ತಿ ನುಂಗಿದ ಬಿಯರು ಇದೊಂದೇ.

ಇದಕ್ಕೊಂದು ಪ್ರಾಸ ಕಟ್ಟಲು ಕೂತೆ. ನೊರೆ, ಹೊರೆ, ಮರೆ. ಮರೆ ಎಂಬಲ್ಲಿಗೆ ಬಂದು ಪೆನ್ನು ನಿಂತಿತು.

ಫೋನಿನಲ್ಲಿ ಹೇಳಬಹುದಿತ್ತು. ಪಿಟೀಲಿನ ದನಿ ಕೇಳಿದ ಕೂಡಲೇ ನನ್ನ ಬಾಯಿ ತಾನಾಗಿಯೇ ತಮಾಷೆಗೆ ಇಳಿಯುತ್ತದೆ. ಬಾಯನ್ನು ನಂಬುವಂತಿಲ್ಲ. ಅಂಚೆಯನ್ನೂ ನಂಬುವಂತಿಲ್ಲ, ಎರಡು ದಿನದಲ್ಲಿ ತಲುಪದಿದ್ದರೆ ಪಿಟೀಲು ತುಂಬಿಬಿಡುತ್ತಾಳೆ. ಹಾಗಾಗಿ ಈ ಕಾಗದವನ್ನು ನಾನೇ ತರುತ್ತಿದ್ದೇನೆ. ನಾಳೆ ಬೆಳಗಿನ ಬಸ್ಸು. ನಿಮ್ಮ ಕೈಗೆ ಕೊಟ್ಟು ಶೆಡ್ಡಿನ ಹೊರಗೆ ನಿಲ್ಲುತ್ತೇನೆ. ಓದಿ ಆದಮೇಲೆ ಒಳಗೆ ಕರೆಯಬೇಕೋ ಬೇಡವೋ ನೀವೇ ನೋಡಿ. ನಿಮಗೆ ಓದಲು ಹೊತ್ತಾದರೆ ಆಗಲಿ, ನಾನು ನಿಂತಿರುತ್ತೇನೆ.

ತುಂಬಬೇಡಿ. ಕಡ್ಡಿ ನಾಲ್ಕರ ಗೆರೆಗೆ ಇಳಿಯುವವರೆಗೆ ಕಾಯಿರಿ. ಈ ಯೀಸ್ಟು ನಡುವೆ ಮಲಗುತ್ತದೆ, ವಾರಗಟ್ಟಲೆ ಮಲಗುತ್ತದೆ, ಬೆಚ್ಚಗಾದರೆ ಏಳುತ್ತದೆ. ಮುಚ್ಚಿದ ಬಾಟಲಿಯೊಳಗೆ ಎದ್ದರೆ ಎಷ್ಟೇ ಕುದಿಸಿದ ಬಾಟಲಿಯಾದರೂ ಗ್ಯಾಸು ತುಂಬಿ ಸಿಡಿಯುತ್ತದೆ. ಬಾಟಲಿ ಹಿಡಿದು ನಿಲ್ಲುವವಳು ಪಿಟೀಲು.

ಇನ್ನು ಗೋಡೆಯ ಮೇಲಿನ ಪುಟ.

ಮೊದಲ ಸಾಲು ಮಾತ್ರ ನಿಜ. ಆವತ್ತು ಕಡ್ಡಿ ಬಿಟ್ಟು ನೋಡಿದೆ, ಹದಿನೆಂಟು ಇತ್ತು. ಅಂದು ಸಂಜೆಯೇ ನನಗೊಂದು ಸ್ಪರ್ಧೆಯ ತೀರ್ಪುಗಾರರ ಮೇಜಿಗೆ ಕರೆ ಬಂತು, ಬದುಕಿನಲ್ಲಿ ಮೊದಲ ಸಲ. ನಿಮಗೆ ಹೇಳದೆ ಹೋದೆ. ಏಳನೆಯ ದಿನ ಬಂದೆ. ನೀವು ಬಾಟಲಿಗಳನ್ನು ತೊಳೆದು ಸಾಲಾಗಿ ಬೋರಲು ಹಾಕಿದ್ದಿರಿ, "ಏನಂತೆ, ಮುಗೀತಾ?" ಎಂದು ತೊಟ್ಟಿಯ ಹತ್ತಿರದಿಂದ ಕೂಗಿದಿರಿ. ಮುಚ್ಚಳ ತೆಗೆಯಲು ನನಗೆ ಬೇಸರವಾಯಿತು. ಮೇಜಿನ ಹತ್ತಿರ ನಿಂತು, ಒಂದೇ ಪೆನ್ನಿನಲ್ಲಿ, ಐದು ನಿಮಿಷದಲ್ಲಿ ಉಳಿದ ಆರು ಸಾಲು ಬರೆದೆ. ಬರೆಯುವಾಗ ನನ್ನ ಬೆನ್ನ ಹಿಂದೆ ಡ್ರಮ್ಮಿನ ಗಾಳಿ ಬಿಡುವ ಕೊಳವೆಯಲ್ಲಿ ಗುಳ್ಳೆ ಏಳುತ್ತಿತ್ತು, ಗುಳುಕ್, ಗುಳುಕ್ ಎಂದು. ಯೀಸ್ಟು ಎದ್ದಿತ್ತು ಭಾವ. ನನಗೆ ಕೇಳಿಸಿತು. ಕೇಳಿಸಿಕೊಂಡೇ "ಮುಗಿಯಿತು" ಎಂದು ಗೆರೆ ಎಳೆದೆ.

ನಿಮ್ಮ ಬಾಟಲಿಗಳಲ್ಲಿ ಕೊಳೆ ಇರಲಿಲ್ಲ.

ನಿಮ್ಮ ಮೈದುನ